ಬಿಳಿಗಲ್ಲಿನ ಚಾಟಿ

ಅಕ್ಟೋಬರ್ ತಿಂಗಳ ಕೊನೆಯ ವಾರ. ಬೆಳಿಗ್ಗೆ ಹಿಡಿದ ಮಳೆ ಮಧ್ಯಾಹ್ನ ಕಳೆದರೂ ಬಿಟ್ಟಿರಲಿಲ್ಲ. ಬರ್ಗಂಡಿಯ ಆ ಹಳೆಯ ಕಾಲುವೆಯ ಮೇಲೆ ನಾಲ್ಕು ಗಂಟೆಗೇ ಬೆಳಕು ಬೂದಿಯ ಬಣ್ಣಕ್ಕೆ ತಿರುಗಿ, ಏರಿಯ ಮೇಲಿನ ಪಾಪ್ಲರ್ ಮರಗಳು ತುದಿಯಿಂದ ಒಂದೊಂದಾಗಿ ಅಳಿಸಿಹೋಗುತ್ತಿದ್ದವು. ಕಾಲುವೆಯ ಎರಡು ಮಟ್ಟದ ನೀರಿನ ನಡುವೆ ದೋಣಿಗಳನ್ನು ಏರಿಸಿ ಇಳಿಸುವ ಲಾಕುಗಳಲ್ಲಿ ಮೂವತ್ತೊಂದನೆಯದನ್ನು ನೋಡಿಕೊಳ್ಳುತ್ತಿದ್ದ ಓಡಿಲ್, ಆ ದಿನದ ಕೊನೆಯ ದೋಣಿಯನ್ನು ಮೇಲಿನ ನೀರಿನಿಂದ ಕೆಳಗಿನ ನೀರಿಗೆ ಇಳಿಸಿ, ತೂಬು ತಿರುಗಿಸುವ ಕಬ್ಬಿಣದ ಹಿಡಿಕೆಯನ್ನು ಕಂಕುಳಲ್ಲಿ ಇರುಕಿಕೊಂಡು ಲಾಕಿನ ಪಕ್ಕದ ಮನೆಗೆ ಓಡಿ ಬಂದಳು. ಅವಳ ಹಿಂದೆಯೇ ಆ ದೋಣಿಯ ಗಂಡ ಹೆಂಡತಿ, ರಾವುಲ್ ಮತ್ತು ಜಿನೆಟ್, ನೀರು ತೊಟ್ಟಿಕ್ಕಿಸುತ್ತಾ ಒಳಗೆ ಬಂದರು. ಲಿಯೋಂ ಪಟ್ಟಣದಲ್ಲಿ ಮೂವತ್ತು ವರ್ಷ ಬ್ರೆಡ್ಡಿನ ಅಂಗಡಿ ನಡೆಸಿ, ಅದನ್ನು ಮಾರಿ, ಜನ್ಮದಲ್ಲಿ ಮೊದಲ ಸಲ ರಜೆ ಅಂತ ಬಾಡಿಗೆ ದೋಣಿ ಹತ್ತಿದವರು ಅವರು.

ಒಲೆಯ ಮುಂದೆ ಝೇಲಜ್ಜಿ ಕೂತಿದ್ದಳು. ಎಂಬತ್ತೆಂಟು ವರ್ಷ. ಲಾಕಿನ ಕೆಲಸದಿಂದ ನಿವೃತ್ತಿಯಾಗಿ ಇಪ್ಪತ್ತಕ್ಕಿಂತ ಹೆಚ್ಚು ವರ್ಷಗಳಾಗಿದ್ದರೂ ಆ ಮನೆಯನ್ನು ಬಿಟ್ಟು ಹೋಗಿರಲಿಲ್ಲ, ಬಿಡಿಸುವ ಧೈರ್ಯ ಯಾರೂ ಮಾಡಿರಲಿಲ್ಲ. ಒಲೆಯ ಮೇಲೆ ಕಟ್ಟಿದ ದಾರದಲ್ಲಿ ಮೂರು ಉಣ್ಣೆಯ ಕೈಗವಸುಗಳು ಒಣಗುತ್ತಿದ್ದವು. ಮೂರೂ ಬಲಗೈಯವು. ನಾಲ್ಕನೆಯದು ಅವಳ ಬಲಗೈಯಲ್ಲಿತ್ತು. ಕೀಲುನೋವು ಇರಬೇಕು ಅಂತ ಓಡಿಲ್ ಅಂದುಕೊಂಡಿದ್ದಳು. ಕೆಲಸಕ್ಕೆ ಬಂದ ಈ ಮೂರು ತಿಂಗಳಲ್ಲಿ ಒಂದು ದಿನವೂ ಅದರ ಬಗ್ಗೆ ಕೇಳಿರಲಿಲ್ಲ.

"ತೊಟ್ಟಿ ತುಂಬಿಟ್ಟು ಬಂದ್ಯಾ, ಓಡಿಲ್?"

ಮುದುಕಿ ದಿನವೂ ಕೇಳುತ್ತಿದ್ದ ಪ್ರಶ್ನೆ ಅದು. ಮೇಲೊಂದು ಜೋಡಿ ಕದ, ಕೆಳಗೊಂದು ಜೋಡಿ ಕದ, ನಡುವೆ ಕಲ್ಲು ಕಟ್ಟಿದ ಉದ್ದನೆಯ ತೊಟ್ಟಿ. ದೋಣಿ ಕೆಳಗಿಳಿದು ಹೋದ ಮೇಲೆ ಆ ತೊಟ್ಟಿ ಖಾಲಿ ಉಳಿಯುತ್ತದೆ. ಕೆಳಗಿನ ಕದಗಳನ್ನು ಮುಚ್ಚಿ, ಮೇಲಿನ ತೂಬು ಎತ್ತಿ, ಕಾಲು ಗಂಟೆ ನಿಂತು ಅದನ್ನು ಮತ್ತೆ ತುಂಬಿಸಿಯೇ ಮನೆಗೆ ಬರಬೇಕು ಅನ್ನುವುದು ಝೇಲಜ್ಜಿಯ ಕಟ್ಟಳೆ. ಇಲಾಖೆಯ ಕಾಗದದಲ್ಲಿ ಅಂಥ ಮಾತೇನೂ ಇರಲಿಲ್ಲ. ಓಡಿಲ್ ಹದಿನೆಂಟು ವರ್ಷ ಬಸ್ ಓಡಿಸಿ, ಬೆನ್ನು ಕೈಕೊಟ್ಟ ಮೇಲೆ ಈ ಕೆಲಸಕ್ಕೆ ಬಂದವಳು. ಯಾರೂ ಬರದ ಲಾಕಿಗೆ ನೀರು ತುಂಬಿಸುತ್ತಾ ಮಳೆಯಲ್ಲಿ ನಿಲ್ಲಲು ಅವತ್ತು ಅವಳಿಗೆ ಮನಸ್ಸಾಗಿರಲಿಲ್ಲ.

"ಹೂಂ ಅಜ್ಜಿ, ತುಂಬಿಟ್ಟೆ" ಅಂದಳು, ಕೋಟನ್ನು ಮೊಳೆಗೆ ಹಾಕುತ್ತಾ.

ಅಜ್ಜಿ ಅವಳ ಮುಖ ನೋಡಿದಳು. ಎಡಗೈಯಿಂದಲೇ ಬಟ್ಟಲುಗಳಿಗೆ ಕುಂಬಳಕಾಯಿ ಸೂಪು ಬಡಿಸಿದಳು. ರಾವುಲ್ ಬ್ರೆಡ್ಡನ್ನು ಮುರಿದು, ಮೂಸಿ, ಹಿಚುಕಿ ನೋಡಿದ.

"ಶಾಂಪ್ರೇ ಪೇಟೆ ಬ್ರೆಡ್ಡಾ ಇದು? ಇದನ್ನ ಮಾಡಿದವನಿಗೆ ಹಿಟ್ಟಿನ ಮೇಲೆ ಏನು ದ್ವೇಷ ಇತ್ತೋ!"

"ಬಾಯ್ಮುಚ್ಚಿಕೊಂಡು ತಿನ್ನಿ. ಇವರು ಅಂಗಡಿ ಮಾರಿದ್ರೂ ಅಂಗಡಿ ಇವರನ್ನ ಬಿಟ್ಟಿಲ್ಲ" ಅಂದಳು ಜಿನೆಟ್. ಆಮೇಲೆ ಅಜ್ಜಿಯ ಕಡೆ ತಿರುಗಿ, "ಅಮ್ಮಾ, ಈ ಲಾಕಿನ ಮೇಲುಗಡೆ ನೀರಲ್ಲಿ ಕಪ್ಪಗೆ ಪಕ್ಕೆಲುಬಿನ ಥರ ಏನೋ ಎದ್ದಿದೆಯಲ್ಲ, ಏನದು? ನಮ್ಮ ದೋಣಿ ತಗುಲಬೇಕಿತ್ತು, ಸ್ವಲ್ಪದರಲ್ಲಿ ತಪ್ಪಿತು" ಅಂದಳು.

ಮುದುಕಿ ಸೌಟು ಕೆಳಗಿಟ್ಟಳು.

"ಅದಾ... ಅದು ನಾನು ಹುಟ್ಟಿದ ಮನೆ."

ಆಮೇಲೆ ಝೇಲಜ್ಜಿ ಕುರ್ಚಿಯನ್ನು ಒಲೆಗೆ ಹತ್ತಿರ ಎಳೆದುಕೊಂಡು, ಯಾರೂ ಕೇಳದಿದ್ದರೂ, ಓಡಿಲ್ ಒಬ್ಬಳಿಗೇ ಹೇಳುವವಳಂತೆ ಶುರುಮಾಡಿದಳು.

"ಎರಡನೇ ಮಹಾಯುದ್ಧಕ್ಕೆ ಇನ್ನೂ ಎರಡು ವರ್ಷ ಇತ್ತು. ಈ ಮನೇಲಿ ಆಗ ಇದ್ದೋಳು ಒನೊರೀನ್. ನನ್ನನ್ನ ಸಾಕಿದ ತಾಯಿ. ಹೆತ್ತೋಳಲ್ಲ... ಹೆತ್ತೋಳ ವಿಷಯಕ್ಕೆ ಬರ್ತೀನಿ, ಇರಿ. ಒನೊರೀನ್‌ಗೆ ಮೂವತ್ತನಾಲ್ಕು ವರ್ಷ, ಗಂಡ ತೀರಿಹೋಗಿ ಏಳು ವರ್ಷ. ಒಬ್ಬಳೇ ಈ ಕದಗಳನ್ನ ತಳ್ಳಿಕೊಂಡು, ಒಂದು ಮೇಕೆ ಸಾಕಿಕೊಂಡು, ಬಂದ ದೋಣಿಗೆಲ್ಲ ನೀರು ಕೊಟ್ಟುಕೊಂಡು ಇದ್ಲು. ಆಗ ದೋಣಿಗೆ ಇಂಜಿನ್ ಎಲ್ಲಿತ್ತು? ಏರಿ ಮೇಲೆ ಹೇಸರಗತ್ತೆ, ಅದರ ಪಕ್ಕ ಚಾಟಿ ಹಿಡಿದ ಗಂಡಸು, ಹಿಂದೆ ಉದ್ದನೆ ಹಗ್ಗ, ಹಗ್ಗದ ತುದೀಲಿ ಮನೆಯಷ್ಟು ದೊಡ್ಡ ದೋಣಿ, ದೋಣಿ ಹಿಂದೆ ಚುಕ್ಕಾಣಿ ಹಿಡಿದ ಹೆಂಡತಿ. ನಡೆಯೋ ಮನುಷ್ಯನಿಗಿಂತ ಬೇಗ ಹೋಗ್ತಿರಲಿಲ್ಲ. ಮೇಲಿಂದ ಒಂದು, ಕೆಳಗಿಂದ ಒಂದು ಒಟ್ಟಿಗೆ ಬಂದ್ರೆ ಲಾಕು ಯಾರಿಗೆ? ಜಗಳ, ಹೊಡೆದಾಟ, ಹಲ್ಲು ಉದುರೋದು. ಅದಕ್ಕೆ ಒಂದು ಕಟ್ಟಳೆ ಮಾಡಿಕೊಂಡಿದ್ರು. ಇಲ್ಲಿಂದ ಮೇಲಕ್ಕೆ ಇನ್ನೂರು ಹೆಜ್ಜೆಗೆ ಒಂದು ಬಿಳಿಗಲ್ಲು, ಕೆಳಕ್ಕೆ ಇನ್ನೂರು ಹೆಜ್ಜೆಗೆ ಇನ್ನೊಂದು ಬಿಳಿಗಲ್ಲು. ಕತ್ತೆ ಆ ಕಲ್ಲು ಮುಟ್ಟಿದ ಕ್ಷಣ ಚಾಟಿ ಬೀಸಬೇಕು. ಛಟೀರ್! ಯಾರ ಚಾಟಿ ಮೊದಲು ಕೇಳಿಸ್ತೋ ಲಾಕು ಅವರದ್ದು. ಅದರ ಮೇಲೆ ಮಾತಿಲ್ಲ. ತೊಟ್ಟಿ ತುಂಬಿರಲಿ, ಖಾಲಿ ಇರಲಿ, ಮೇಲಿರೋನು ದೊರೆಯೇ ಆಗಿರಲಿ."

"ಮಂಜಿದ್ರೆ? ಕಲ್ಲು ಮುಟ್ಟಿದನೋ ಇಲ್ವೋ ಅಂತ ಹೆಂಗೆ ಗೊತ್ತಾಗುತ್ತೆ?" ರಾವುಲ್ ಕೇಳಿದ. ಮೂವತ್ತು ವರ್ಷ ಗಿರಾಕಿಗಳ ಜತೆ ವ್ಯವಹಾರ ಮಾಡಿದವನು. ಮೋಸದ ಜಾಗ ಅವನ ಕಣ್ಣಿಗೆ ಮೊದಲು ಬೀಳುತ್ತಿತ್ತು.

"ಕೇಳಿದ್ರಾ! ಅದೇ ನೋಡಿ ಇಡೀ ಕತೆ. ಕಲ್ಲು ದಾಟಿ ಬೀಸಿದ ಚಾಟಿಗೆ ಹಳೇ ಗಿರಣಿ ಗೋಡೆಯಿಂದ ಮಾರ್ದನಿ ಬರುತ್ತೆ. ಛಟೀರ್ ಅಂದ ಮೇಲೆ ಒಂದು ಸಣ್ಣ... ಟಕ್. ಕಲ್ಲಿಗಿಂತ ಹಿಂದೆ ನಿಂತು ಬೀಸಿದ್ರೆ ಬರೀ ಛಟೀರ್, ಟಕ್ ಇಲ್ಲ. ದೋಣಿಯೋರಿಗೆ ಇದು ಗೊತ್ತಿರಲಿಲ್ಲ. ಲಾಕಿನ ಮನೇಲಿ ವರ್ಷಗಟ್ಟಲೆ ಕಿವಿ ಕೊಟ್ಟು ಕೂತೋಳಿಗೆ ಮಾತ್ರ ಗೊತ್ತು."

ಅಜ್ಜಿ ಒಲೆಗೆ ಒಂದು ಕೊರಡು ಹಾಕಿದಳು. ಕೈಗವಸಿನ ತುದಿಯಿಂದ ಒಂದು ಹನಿ ಕಬ್ಬಿಣದ ಮೇಲೆ ಬಿದ್ದು ಚುಯ್ ಅಂದಿತು.

"ಆಗ ಬಾಜಿಲ್ ಅಂತ ಒಬ್ಬ ಇದ್ದ. ಕೆಳಗಿಂದ ಮೇಲಕ್ಕೆ ಕಲ್ಲಿದ್ದಲು ಸಾಗಿಸ್ತಿದ್ದ. ನೋಡೋಕೆ ಚೆನ್ನಾಗಿದ್ದ, ನಗಿಸ್ತಿದ್ದ. ಬಂದಾಗಲೆಲ್ಲ ಒನೊರೀನ್‌ಗೆ ಒಂದು ಮೊಲ, ಇಲ್ಲಾ ಒಂದು ಬುಟ್ಟಿ ಕಲ್ಲಿದ್ದಲು ಇಳಿಸಿ ಹೋಗ್ತಿದ್ದ. 'ಈಸ್ಟರ್‌ಗೆ ಚರ್ಚಿಗೆ ಹೋಗಿ ಉಂಗುರ ಹಾಕಿಸಿಕೊಳ್ಳೋಣ ಕಣೇ, ಈ ಕದ ತಳ್ಳೋ ಕೆಲಸ ಬಿಡಿಸ್ತೀನಿ ನಿಂಗೆ' ಅಂದಿದ್ದ. ಏಳು ವರ್ಷ ಒಂಟಿಯಾಗಿ ಇದ್ದೋಳು. ಅವಳಿಗೆ ಆ ಮಾತು ಎಷ್ಟು ಬೆಚ್ಚಗೆ ಇದ್ದಿರಬೇಕು, ನೀವೇ ಹೇಳಿ. ಬಾಜಿಲ್‌ಗೆ ಒಂದು ಚಾಳಿ ಇತ್ತು... ಮಂಜು ಬಿದ್ದ ದಿನ ಕಲ್ಲಿಗಿಂತ ಐವತ್ತು ಹೆಜ್ಜೆ ಮೊದಲೇ ಚಾಟಿ ಬೀಸೋದು. ಒನೊರೀನ್‌ಗೆ ಗೊತ್ತು. ಗೊತ್ತಿದ್ದೂ ಸುಮ್ಮನಿರ್ತಿದ್ಲು. ಒಂದರ್ಧ ಗಂಟೆ ಯಾರೋ ಕಾಯ್ತಾರೆ, ಅಷ್ಟೇ ತಾನೇ? ನಾವೆಲ್ಲ ಹಂಗೇ ಅಂದುಕೊಳ್ಳೋದು, ಅಲ್ವಾ ಓಡಿಲ್?"

ಓಡಿಲ್ ಬಟ್ಟಲಿನ ತಳವನ್ನು ಚಮಚದಿಂದ ಕೆರೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಅಕ್ಟೋಬರ್ ಕೊನೇಲಿ, ಇಂಥದ್ದೇ ಒಂದು ದಿನ. ಹಿಂದಿನ ದಿನವೆಲ್ಲ ಮಳೆ, ಅವತ್ತು ಮಂಜು. ಕಣಿವೆ ರಸ್ತೆ ಮೇಲೆ ನದಿ ಹರೀತಾ ಇತ್ತು. ಮೇಲಿಂದ ಒಂದು ದೋಣಿ ಬರ್ತಿತ್ತು, ಎಲ್ವಾ ಅನ್ನೋ ಹುಡುಗಂದು. ಮದುವೆ ಆಗಿ ಒಂದೇ ವರ್ಷ. ಹೆಂಡತಿ ರೊಜೀನ್‌ಗೆ ಹತ್ತೊಂಬತ್ತು, ದಿನ ತುಂಬಿತ್ತು. ಬೆಳಿಗ್ಗೆ ನೋವು ಶುರುವಾಗಿದೆ. ಶಾಂಪ್ರೇ ಪೇಟೆ ಈ ಲಾಕಿನಿಂದ ಕೆಳಕ್ಕೆ ಅರ್ಧ ಗಂಟೆ ದಾರಿ, ಅಲ್ಲಿ ಡಾಕ್ಟರು. ಒಂದು ಲಾಕು ದಾಟಿದ್ರೆ ಆಯ್ತು."

"ಗಂಡ ಓಡಿ ಹೋಗಿ ಡಾಕ್ಟರನ್ನೇ ಕರ್ಕೊಂಡು ಬರಬಹುದಿತ್ತಲ್ಲ?" ಅಂದಳು ಜಿನೆಟ್.

"ಕತ್ತೆ ಮುಂದೆ ಅವನು ಇರಬೇಕು ಕಣಮ್ಮ. ಚುಕ್ಕಾಣಿ ಹಿಡಿಯೋಕೆ ಅವಳಿರಬೇಕು. ಇಬ್ಬರೇ ಇದ್ದದ್ದು. ಆ ನೋವಲ್ಲೂ ಅವಳೇ ಚುಕ್ಕಾಣಿ ಹಿಡಿದಿದ್ಲು... ದೋಣಿ ಏರಿಗೆ ತಗುಲಬಾರದು ಅಂತ ಒಂದು ಕೈ ಚುಕ್ಕಾಣಿ ಮೇಲೆ, ಇನ್ನೊಂದು ಕೈ ಹೊಟ್ಟೆ ಮೇಲೆ. 'ಲಾಕು ದಾಟಿಬಿಡೋಣ ರೀ, ಆಮೇಲೆ ಮಲಗ್ತೀನಿ' ಅಂದಳಂತೆ. ಅವಳ ಗಂಡನೇ ಒನೊರೀನ್ ಹತ್ತಿರ ಹೇಳಿದ್ದು.

"ಒನೊರೀನ್ ಇಗೋ ಈ ಬಾಗಿಲಲ್ಲಿ ನಿಂತಿದ್ಲು. ಅವತ್ತು ತೊಟ್ಟಿ ತುಂಬಿತ್ತು. ಮೇಲಿನ ನೀರಿಗೆ ಸಮ ಸಮ. ಕದ ತೆಗೆದ್ರೆ ಸಾಕು, ರೊಜೀನ್ ದೋಣಿ ಸೀದಾ ಒಳಗೆ ಬಂದುಬಿಡುತ್ತೆ. ನೀರು ಅವಳಿಗೇ ಅಂತ ಕಾದು ಕೂತಂಗಿತ್ತು. ಅಷ್ಟರಲ್ಲಿ ಕೆಳಗಿಂದ... ಛಟೀರ್. ಟಕ್ ಇಲ್ಲ. ಒಂದು, ಎರಡು, ಮೂರು ಅಂತ ಎಣಿಸೋ ಹೊತ್ತಿಗೆ ಮೇಲಿಂದ... ಛಟೀರ್. ಟಕ್.

"ನಿಯಮದ ಪ್ರಕಾರ ಯಾರದ್ದು ಲಾಕು?"

"ಮೇಲಿನವರದ್ದು" ಅಂದ ರಾವುಲ್.

"ಒನೊರೀನ್‌ಗೂ ಗೊತ್ತಿತ್ತು. ಎಲ್ವಾ ಏರಿ ಮೇಲೆ ಓಡಿ ಬಂದ, ಟೋಪಿ ಬಿದ್ದುಹೋಗಿತ್ತು. 'ಅಕ್ಕಾ, ಕದ ತೆಗೀರಿ, ನನ್ನ ಹೆಂಡ್ತಿ ಹೆರ್ತಾ ಇದಾಳೆ, ರಕ್ತ ನಿಲ್ತಿಲ್ಲ' ಅಂದ. ಕೆಳಗಿಂದ ಬಾಜಿಲ್ ಬಂದ, ನಗ್ತಾ ಬಂದ. 'ಲೋ ತಮ್ಮಾ, ನನ್ನ ಚಾಟಿ ಮೊದಲು. ಹೆಂಗಸರು ಲೋಕ ಹುಟ್ಟಿದಾಗಿಂದ ಹೆರ್ತಾ ಇದಾರೆ, ಇನ್ನರ್ಧ ಗಂಟೇಲಿ ಏನೂ ಮುಳುಗಿಹೋಗಲ್ಲ. ಕೇಳು ಬೇಕಾದ್ರೆ ಅಕ್ಕನ್ನ, ಯಾರ ಚಾಟಿ ಮೊದಲು ಅಂತ' ಅಂದ. ಇಬ್ಬರೂ ಒನೊರೀನ್ ಮುಖ ನೋಡಿದ್ರು. ಬಾಜಿಲ್ ಒಂದು ಕಣ್ಣು ಮಿಟುಕಿಸಿದ. ಅವಳು ಏನು ಹೇಳಬೇಕಿತ್ತು? 'ನಿನ್ನ ಚಾಟಿ ಕಳ್ಳ ಚಾಟಿ' ಅಂದ್ರೆ ಈಸ್ಟರ್ ಹೋಯ್ತು, ಉಂಗುರ ಹೋಯ್ತು, ಇನ್ನುಳಿದ ಜನ್ಮ ಪೂರ್ತಿ ಇದೇ ಕದ, ಇದೇ ಮೇಕೆ. ಅವಳು 'ಕೆಳಗಿನ ಚಾಟಿ ಮೊದಲು' ಅಂದಳು.

"ಮೂರೇ ಮಾತು.

"ತುಂಬಿದ್ದ ತೊಟ್ಟೀನ ಎಲ್ವಾ ಕಣ್ಣೆದುರಿಗೇ ಖಾಲಿ ಮಾಡಿದ್ಲು. ಅದಕ್ಕೊಂದು ಹತ್ತು ನಿಮಿಷ. ಬಾಜಿಲ್ ದೋಣಿ ಒಳಗೆ ಬರೋಕೆ ಹತ್ತು ನಿಮಿಷ. ಕಲ್ಲಿದ್ದಲು ಮಿತಿ ಮೀರಿ ಹೇರಿದ್ದ, ದೋಣಿ ಕೆಳಗಿನ ಕದದ ಸಂದೀಲಿ ಸಿಕ್ಕಿಕೊಂಡ್ತು. ಕತ್ತೆಗೆ ಹೊಡೆದ, ಬೈದ, ತಳ್ಳಿದ. ಅದು ಬಿಡಿಸಿಕೊಂಡು ಒಳಗೆ ಬಂದು, ಮತ್ತೆ ತೊಟ್ಟಿ ತುಂಬಿ, ಅವನು ಆಚೆ ಹೋಗೋ ಹೊತ್ತಿಗೆ ಒಂದೂಕಾಲು ಗಂಟೆ. ಈಗ ಮುಗಿಯುತ್ತೆ, ಈಗ ಮುಗಿಯುತ್ತೆ ಅಂತ ಎಲ್ವಾ ಅವಳೊಬ್ಬಳನ್ನೇ ಬಿಟ್ಟು ಡಾಕ್ಟರ ಹತ್ತಿರ ಓಡಲಿಲ್ಲ. ಅಲ್ಲೀವರೆಗೂ ಮಂಜಿನೊಳಗಿಂದ ಆ ಹುಡುಗಿ ಕೂಗು ಕೇಳಿಸ್ತಾ ಇತ್ತು. ಆಮೇಲೆ ಬೇರೆ ಒಂದು ಅಳು ಕೇಳಿಸ್ತು, ಸಣ್ಣದು, ಬೆಕ್ಕಿನ ಮರಿ ಥರ. ಆಮೇಲೆ... ದೊಡ್ಡ ಕೂಗು ನಿಂತುಹೋಯ್ತು."

ಜಿನೆಟ್ ಗಂಡನ ತೋಳನ್ನು ಹಿಡಿದುಕೊಂಡಳು. ಹೊರಗೆ ಮಳೆ ಯಾವಾಗ ನಿಂತಿತೋ ಯಾರೂ ಗಮನಿಸಿರಲಿಲ್ಲ. ಕಿಟಕಿಯ ಗಾಜಿಗೆ ಮಂಜು ಹತ್ತಿಯಂತೆ ಅಂಟಿಕೊಂಡಿತ್ತು.

"ಒನೊರೀನ್ ಮೇಲಿನ ಕದ ತೆಗೆದು ನಿಂತ್ಲು. 'ಬಾಪ್ಪಾ, ಈಗ ಬಾ' ಅಂದ್ಲು. ಎಲ್ವಾ ಬರಲಿಲ್ಲ. ದೋಣಿಯಿಂದ ಇಳಿದು ಬಂದು, ಕಂಬಳಿ ಸುತ್ತಿದ ನನ್ನನ್ನ ಅವಳ ಕೈಗೆ ಇಟ್ಟು, 'ನಿಮ್ಮನೇಲಿ ಮೇಕೆ ಇದೆಯಂತಲ್ಲ, ಹಾಲು ಕೊಡಿ' ಅಂದ. ಬೈಲಿಲ್ಲ. ಒಂದು ಕೆಟ್ಟ ಮಾತು ಆಡಲಿಲ್ಲ. ಬೈದಿದ್ರೆ ಒನೊರೀನ್ ನೆಮ್ಮದಿಯಾಗಿ ಬದುಕಿಬಿಡ್ತಿದ್ಲೇನೋ. ರೊಜೀನ್‌ನ ಏರಿ ಮೇಲೇ ಹೊತ್ತುಕೊಂಡು ಹೋಗಿ ಮಣ್ಣು ಮಾಡಿದ್ರು. ದೋಣಿ ಅಲ್ಲೇ ಉಳೀತು. ಎಲ್ವಾ ಅದನ್ನ ಲಾಕಿನೊಳಕ್ಕೆ ತರಲೇ ಇಲ್ಲ. ಕತ್ತೆ ಮಾರಿದ, ಯುದ್ಧ ಬಂತು, ಹೋದ, ತಿರುಗಿ ಬರಲಿಲ್ಲ. ದೋಣಿ ನೀರು ಕುಡಿದು ಕೂತ್ಕೊಂಡ್ತು. ನೀವು ನೋಡಿದ ಪಕ್ಕೆಲುಬು ಅದರದ್ದೇ. ಆ ದೋಣಿ ಸರದಿ ಇನ್ನೂ ಮುಗಿದಿಲ್ಲ, ತಿಳೀತಾ? ಚಾಟಿ ಬೀಸಿ ಆಗಿದೆ. ಲಾಕು ಅವರದ್ದು. ದಾಟಿಲ್ಲ."

"ಆ ಬಾಜಿಲ್?" ರಾವುಲ್ ಕೇಳಿದ. ಅವನ ದನಿಯಲ್ಲಿ ಮೊದಲಿನ ತಮಾಷೆ ಇರಲಿಲ್ಲ.

"ಮೂರು ವರ್ಷ ಆದ ಮೇಲೆ. ಎಲ್ವಾ ಸತ್ತ ಸುದ್ದಿ ಬಂದಿತ್ತು. ಅದೇ ಅಕ್ಟೋಬರ್, ಅದೇ ಮಂಜು. ನಾನು ಈ ಒಲೆ ಹತ್ತಿರ ಆಡ್ತಾ ಇದ್ದೆ. ಒನೊರೀನ್ ಅವನ ಜತೆ ಮಾತು ಬಿಟ್ಟು ಮೂರು ವರ್ಷ ಆಗಿತ್ತು, ಮೊಲ ತಂದ್ರೆ ಬಾಗಿಲ ಹೊರಗೇ ಕೊಳೆಯೋಕೆ ಬಿಡ್ತಿದ್ಲು. ಕೆಳಗಿಂದ ಅವನ ಚಾಟಿ... ಛಟೀರ್. ಟಕ್ ಇಲ್ಲ. ಅವಳು ಹಿಡಿಕೆ ತಗೊಂಡು ಎದ್ದಳು. ಅಷ್ಟರಲ್ಲಿ ಮೇಲಿಂದ... ಛಟೀರ್. ಟಕ್. ಮೇಲಿಂದ ಅವತ್ತು ಯಾವ ದೋಣಿಯೂ ಹೊರಟಿರಲಿಲ್ಲ. ಅವಳಿಗೆ ಗೊತ್ತು. ಆದ್ರೂ ಹೋದ್ಲು, ತೊಟ್ಟಿ ತುಂಬಿಸಿ, ಮೇಲಿನ ಕದ ತೆಗೆದು ನಿಂತ್ಲು. ಬಾಜಿಲ್ ಓಡಿ ಬಂದು ಕೂಗಾಡಿದ. 'ಯಾರಿಗೇ ತೆಗೆದೆ? ಮಂಜಿಗಾ? ತಲೆ ಕೆಟ್ಟಿದೆಯಾ ನಿಂಗೆ?' ಆಗ ಮಂಜಿನೊಳಗಿಂದ ಒಂದು ಹಗ್ಗ ಹಾರಿ ಬಂತು.

"ಓಡಿಲ್, ನೀನೂ ಕೆಲಸ ಮಾಡ್ತೀಯಲ್ಲ, ಹೇಳು. ದೋಣಿಯಿಂದ ಹಗ್ಗ ಎಸೆದ್ರೆ ಏನು ಮಾಡ್ತೀವಿ?"

"ಹಿಡಿತೀವಿ" ಅಂದಳು ಓಡಿಲ್.

"ಯೋಚನೆ ಮಾಡಿ ಹಿಡಿತೀವಾ? ಇಲ್ಲ. ಕೈ ತಾನೇ ಹೋಗುತ್ತೆ. ಬಾಜಿಲ್ ಕೈನೂ ತಾನೇ ಹೋಯ್ತು. ಹಿಡಿದ ಹಗ್ಗಾನ ಗೂಟಕ್ಕೆ ಸುತ್ತಬೇಕು, ಕೈಗೆ ಯಾವತ್ತೂ ಸುತ್ತಬಾರದು. ನಾಲ್ಕು ವರ್ಷದ ಮಗೂಗೂ ಗೊತ್ತು. ಅವನಿಗೆ ಸಿಟ್ಟು. 'ಯಾವ ಸೂಳೆಮಗನೋ ನೋಡೇಬಿಡ್ತೀನಿ' ಅಂತ ಕೈಗೆ ಎರಡು ಸುತ್ತು ಸುತ್ತಿ ಎಳೆದ. ಒನೊರೀನ್ ಕಣ್ಣಾರೆ ನೋಡಿದ್ಲು. ಹಗ್ಗ ಬಿಗೀತು. ಅವನು ಒಂದು ಹೆಜ್ಜೆ, ಎರಡು ಹೆಜ್ಜೆ, ಯಾರೋ ಕೈ ಹಿಡಿದು ನಡೆಸಿಕೊಂಡು ಹೋದಂಗೆ ಅಂಚಿನ ಕಡೆಗೆ ನಡೆದ... ಮೂರನೇ ಹೆಜ್ಜೆಗೆ ಕಲ್ಲು ಇರಲಿಲ್ಲ. ತೊಟ್ಟಿ ಖಾಲಿ ಮಾಡಿದಾಗ ತಳದಲ್ಲಿ ಸಿಕ್ಕಿದ. ಕೈಯಲ್ಲಿ ಹಗ್ಗ ಇರಲಿಲ್ಲ. ಹಗ್ಗದ ಗುರುತು ಮೂಳೆ ತನಕ ಇತ್ತು."

"ದೇವರೇ" ಅಂದಳು ಜಿನೆಟ್.

"ಆಮೇಲೆ ಪ್ರತಿ ವರ್ಷ. ಮಂಜು ಬಿದ್ದ ದಿನ, ಈ ಹೊತ್ತಲ್ಲೇ. ಮೊದಲು ಕೆಳಗಿಂದ ಕಳ್ಳ ಚಾಟಿ, ಆಮೇಲೆ ಮೇಲಿಂದ ನಿಜವಾದ ಚಾಟಿ. ಒನೊರೀನ್ ಕದ ತೆಗೀತಿದ್ಲು, ಹಗ್ಗ ಹಿಡಿದು ಗೂಟಕ್ಕೆ ಸುತ್ತುತಿದ್ಲು, ನೀರು ಇಳಿಸ್ತಿದ್ಲು. ನನಗೆ ಇಪ್ಪತ್ತು ತುಂಬಿದಾಗ ಹಾಸಿಗೆ ಹಿಡಿದು, ಇದೆಲ್ಲಾ ನನಗೆ ಹೇಳಿದ್ಲು. ಆ ಮೂರು ಮಾತಿನ ವಿಷಯಾನೂ ಹೇಳಿದ್ಲು. 'ಇನ್ಮೇಲೆ ನೀನು ಹಿಡಿ' ಅಂದ್ಲು. ಅಲ್ಲಿಂದ ನಾನು ಹಿಡಿತಾ ಇದೀನಿ."

"ದೋಣಿ ದಾಟಿ ಹೋಗುತ್ತಾ?" ಓಡಿಲ್‌ಗೆ ತಾನು ಕೇಳಿದ್ದೇ ಗೊತ್ತಾಗಲಿಲ್ಲ.

"ಇಲ್ಲ ಮಗಳೇ." ಮುದುಕಿ ಮೊದಲ ಸಲ ಒಲೆಯಿಂದ ಕಣ್ಣು ತೆಗೆದು ಅವಳನ್ನು ನೋಡಿದಳು. "ನೀರು ಪೂರ್ತಿ ಇಳಿಯೋಕೆ ಮುಂಚೇನೇ ತೊಟ್ಟಿಯೊಳಗಿಂದ ಒಂದು ಅಳು ಕೇಳಿಸುತ್ತೆ. ಬೆಕ್ಕಿನ ಮರಿ ಥರ. ಆ ಅಳು ನಂದೇ. ಇಷ್ಟು ವರ್ಷ ನಾನು ಹುಟ್ಟೋದನ್ನ ನಾನೇ ಕೇಳಿಸಿಕೊಂಡಿದೀನಿ. ಅಳು ಬಂತು ಅಂದ್ರೆ ಅಲ್ಲಿಗೆ ಅವಳು ಮುಗಿದ್ಲು. ಆಮೇಲೆ ಏನೂ ಇರಲ್ಲ, ಬರೀ ನೀರು. ಪ್ರತಿ ವರ್ಷ ನಂಗೇ ಒಂಚೂರು ತಡ ಆಗುತ್ತೆ. ನಾನು ಬೇಗ ಬೇಗ ತಿರುಗಿಸ್ತೀನಿ, ಕದಕ್ಕೆ ಎಣ್ಣೆ ಹಾಕಿಡ್ತೀನಿ, ತೊಟ್ಟಿ ಮೊದಲೇ ತುಂಬಿ ಇಟ್ಟಿರ್ತೀನಿ... ಒಂದೇ ಒಂದು ಸಲ ಅಳು ಕೇಳೋಕೆ ಮುಂಚೆ ಕೆಳಗಿನ ಕದ ತೆಗೆದುಬಿಟ್ರೆ, ಅಮ್ಮ ಡಾಕ್ಟರ ಹತ್ತಿರ ಹೋಗಿಬಿಡ್ತಾಳೆ. ಹೋದ ವರ್ಷ ಇಷ್ಟೇ ಇಷ್ಟು ಉಳಿದಿತ್ತು. ಒಂದು ಗೇಣು ನೀರು. ಈ ವರ್ಷ ನನ್ನ ಕೈಲಿ ಹಿಡಿಕೆ ತಿರುಗಲ್ಲ. ನೀನು ತಿರುಗಿಸು. ತೊಟ್ಟಿ ಹೆಂಗೂ ತುಂಬಿಟ್ಟಿದ್ದೀಯಲ್ಲ."

ಓಡಿಲ್ ಬಾಯಿ ತೆರೆದಳು. ಆಗಲೇ, ಕೆಳಗಡೆಯ ಏರಿಯ ಮಂಜಿನೊಳಗಿಂದ, ಒಣ ಕೊಂಬೆ ಮುರಿದಂತೆ ಒಂದು ಸದ್ದು ಬಂತು.

"ಮರ ಬಿತ್ತಾ?" ಅಂದ ರಾವುಲ್.

ಮುದುಕಿಯ ತುಟಿಗಳು ಎಣಿಸುತ್ತಿದ್ದವು. ಒಂದು. ಎರಡು. ಮೂರು. ಮೇಲುಗಡೆಯಿಂದ ಎರಡನೆಯ ಸದ್ದು ಬಂತು, ಅದರ ಹಿಂದೆಯೇ ಗಿರಣಿಯ ಗೋಡೆಯಿಂದ ಸಣ್ಣಗೆ, ಸ್ಪಷ್ಟವಾಗಿ: ಟಕ್.

"ಅಜ್ಜಿ" ಅಂದಳು ಓಡಿಲ್. "ತೊಟ್ಟಿ ಖಾಲಿ ಇದೆ. ನಾನು ತುಂಬಲಿಲ್ಲ. ಸುಳ್ಳು ಹೇಳಿದೆ."

ಝೇಲಜ್ಜಿ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಓಡಿಲ್‌ಗೆ ಆ ಕ್ಷಣವೇ ಅನ್ನಿಸಿತು. ಮುದುಕಿ ಮೇಜಿನ ಮೇಲಿದ್ದ ಕಬ್ಬಿಣದ ಹಿಡಿಕೆಯನ್ನು ಎತ್ತಿ ಅವಳ ಕೈಗಿಟ್ಟಳು, ಅಷ್ಟೇ.

ಓಡಿಲ್ ಕೋಟಿಲ್ಲದೆ ಓಡಿದಳು. ರಾವುಲ್ ಯಾಕೆ ಎಂದು ಕೇಳದೆ ಅವಳ ಹಿಂದೆ ಓಡಿ ಆಚೆ ದಡದ ಕದಕ್ಕೆ ಬೆನ್ನು ಕೊಟ್ಟ. ಕೆಳಗಿನ ಕದಗಳು ನರಳುತ್ತಾ ಮುಚ್ಚಿಕೊಂಡವು. ಅವಳು ಮೇಲಿನ ತೂಬಿಗೆ ಹಿಡಿಕೆ ಸಿಕ್ಕಿಸಿ ತಿರುಗಿಸಿದಳು. ಹಲ್ಲುಚಕ್ರ ಕಟಕಟ ಅಂದು, ನೀರು ತೊಟ್ಟಿಯ ತಳ ಸೇರಿತು. ಅದು ಏರುವುದನ್ನು ಅವಳು ನೂರಾರು ಸಲ ನೋಡಿದ್ದಳು. ಅಷ್ಟು ನಿಧಾನವಾಗಿ ಏರಿದ್ದನ್ನು ಎಂದೂ ನೋಡಿರಲಿಲ್ಲ. ಗೋಡೆಯ ಪಾಚಿಯ ಒಂದೊಂದು ಕಲ್ಲನ್ನೂ ನೀರು ನೆಕ್ಕಿ, ನಿಂತು, ಮತ್ತೆ ಮುಂದಿನದಕ್ಕೆ ಹೋಗುತ್ತಿತ್ತು. ಮೇಲಿನ ಕದದ ಆಚೆ ಮಂಜಿನಲ್ಲಿ ಯಾರೋ ಉಸಿರು ಕಟ್ಟಿ, ಬಿಟ್ಟು, ಕಟ್ಟಿ ನರಳುತ್ತಿದ್ದರು. ರಾವುಲ್ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ಕದದ ತೊಲೆಗೆ ಹಣೆ ಹಚ್ಚಿ ನಿಂತಿದ್ದ.

ನೀರು ಸಮವಾಯಿತು. ಕದ ಬಿಟ್ಟುಕೊಂಡಿತು. ಮಂಜಿನೊಳಗಿಂದ ಹಗ್ಗ ಬಂತು. ಓಡಿಲ್‌ಳ ಬಲಗೈ, ಅವಳನ್ನು ಕೇಳದೆಯೇ, ಚಾಚಿ ಹಿಡಿಯಿತು. ತಣ್ಣಗಿನ, ಒದ್ದೆಯಾದ, ಡಾಂಬರಿನ ವಾಸನೆಯ ಹಗ್ಗ. ಅವಳು ಅದನ್ನು ಗೂಟಕ್ಕೆ ಸುತ್ತಿದಳು, ಮೇಲಿನ ಕದ ಮುಚ್ಚಿದಳು, ಕೆಳಗಿನ ತೂಬನ್ನು ಬೆನ್ನಿನ ನೋವು ಮರೆತು ಒಂದೇ ಉಸಿರಿಗೆ ಎತ್ತಿದಳು. ನೀರು ಇಳಿಯತೊಡಗಿತು. ಒಂದು ಕಲ್ಲು. ಎರಡು ಕಲ್ಲು. ಕಾಲು ಭಾಗವೂ ಇಳಿದಿರಲಿಲ್ಲ, ತೊಟ್ಟಿಯ ಕತ್ತಲೊಳಗಿಂದ ಬೆಕ್ಕಿನ ಮರಿಯಂಥ ಒಂದು ಅಳು ಎದ್ದಿತು.

ಗೂಟದಲ್ಲಿ ಹಗ್ಗ ಇರಲಿಲ್ಲ.

ಅವಳು ಮನೆಗೆ ಬಂದಾಗ ಝೇಲಜ್ಜಿ ಕೂತಲ್ಲೇ ಕೂತಿದ್ದಳು. ಜಿನೆಟ್ ಅವಳ ಭುಜ ಹಿಡಿದುಕೊಂಡಿದ್ದಳು. ಮುದುಕಿಯ ಕೆನ್ನೆ ಒದ್ದೆಯಾಗಿತ್ತು, ಆದರೆ ಅವಳು ಅಳುತ್ತಿರಲಿಲ್ಲ.

"ಕೇಳಿಸ್ತು" ಅಂದಳು. "ಈ ಸಲ ಬಹಳ ಬೇಗ ಬಂತು."

"ಕ್ಷಮಿಸಿಬಿಡಿ ಅಜ್ಜಿ" ಅಂದಳು ಓಡಿಲ್. "ಮುಂದಿನ ವರ್ಷ ತುಂಬಿಡ್ತೀನಿ. ಆಣೆಗೂ ತುಂಬಿಡ್ತೀನಿ."

"ಗೊತ್ತು ಮಗಳೇ. ಒನೊರೀನೂ ಹಂಗೇ ಅಂದಿದ್ಲು."

ಓಡಿಲ್ ಬಲಗೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದಳು. ಅಂಗೈಗೆ ಅಡ್ಡಲಾಗಿ ಹಗ್ಗದ ಕೆಂಪು ಬರೆ, ಬರೆಯ ತುಂಬ ನೀರು. ಒರೆಸಿದಳು. ನೀರು ಮತ್ತೆ ಬಂತು. ಒಲೆಯ ಮೇಲೆ ಹಿಡಿದಳು, ಮತ್ತೆ ಒರೆಸಿದಳು.

"ಬಿಡು, ಅದು ಆರಲ್ಲ" ಅಂದಳು ಝೇಲಜ್ಜಿ. ತನ್ನ ಬಲಗೈಯ ಕೈಗವಸನ್ನು ಮೆಲ್ಲಗೆ ಕಳಚಿ, ಅಂಗೈಯನ್ನು ಬೆಳಕಿಗೆ ತಿರುಗಿಸಿದಳು. ಸುಕ್ಕುಗಟ್ಟಿ, ಬಿಳಿಚಿಕೊಂಡು, ನೀರಲ್ಲಿ ನೆನೆಹಾಕಿದಂತಿದ್ದ ಆ ಅಂಗೈಯಿಂದ ಹನಿಗಳು ಒಂದೊಂದಾಗಿ ನೆಲಕ್ಕೆ ಬೀಳುತ್ತಿದ್ದವು.

"ನಂದು ನೋಡು, ಅರವತ್ತೆಂಟು ವರ್ಷ ಆಯ್ತು..." ಅಂದಳು, ದಾರದ ಮೇಲಿಂದ ಒಣಗಿದ ಕೈಗವಸೊಂದನ್ನು ತೆಗೆದು ಅವಳ ಕಡೆ ಚಾಚುತ್ತಾ. "ಹಾಕ್ಕೋ. ನಿಂಗೆ ಸರಿಯಾಗುತ್ತೆ."